ಆಳು ಯಾರ ಹೊಲಕ್ಕೆ ಹೋಯಿತು? ಎಲ್ಟನ್ ಮೇನರ್‌ನ ಬಿಟ್ಟಿ ದುಡಿಮೆಯ ಒಂದು ತಕರಾರು

ಇಂಗ್ಲೆಂಡಿನ ಹಂಟಿಂಗ್ಡನ್‌ಷೈರಿನಲ್ಲಿ, ನೆನ್ ನದಿಯ ದಂಡೆಯಲ್ಲಿ ಎಲ್ಟನ್ ಎಂಬ ಊರಿದೆ. 13ನೇ ಶತಮಾನದಲ್ಲಿ ಅದು ರಾಮ್ಸೆಯ ಬೆನೆಡಿಕ್ಟೈನ್ ಮಠದ ಆಸ್ತಿ. 1279ರ ಆಸುಪಾಸಿನಲ್ಲಿ ಅಲ್ಲಿನ ಮೇನರ್ ನ್ಯಾಯಸಭೆಯ ಮುಂದೆ ಒಂದು ಮಾನಹಾನಿ ದೂರು ಬಂತು. ದೂರು ಕೊಟ್ಟವನು ಊರಿನ ರೀವ್, ಅಂದರೆ ಗೇಣಿದಾರರಿಂದ ಬಿಟ್ಟಿ ಕೆಲಸ ಮಾಡಿಸಿ ಲೆಕ್ಕ ಇಡುವವನು. ಎದುರು ಪಕ್ಷದವರು ಅದೇ ಊರಿನ ಇಬ್ಬರು ಗೇಣಿದಾರರು ಮತ್ತು ಅವರಲ್ಲೊಬ್ಬನ ಹೆಂಡತಿ. ಮೇಲ್ನೋಟಕ್ಕೆ ಬೈಗುಳದ ವ್ಯಾಜ್ಯ. ಒಳಗಿದ್ದದ್ದು ಬಿಟ್ಟಿಯ ಲೆಕ್ಕ. ಇವರೆಲ್ಲರ ಹೆಸರುಗಳೂ ನ್ಯಾಯಸಭೆಯ ದಾಖಲೆಯಲ್ಲಿವೆ. ಪ್ರಕರಣ ಅರ್ಥವಾಗಲು ಅವು ಬೇಕಿಲ್ಲದ ಕಾರಣ ಇಲ್ಲಿ ಬಳಸಿಲ್ಲ.

ಊರು, ಹೊಲ, ಹೊಣೆ

ಮೇನರ್ ಎಂದರೆ ಒಬ್ಬ ಒಡೆಯನ ಕೈಕೆಳಗಿನ ಜಮೀನು, ಜನ ಮತ್ತು ನ್ಯಾಯಸಭೆ ಎಲ್ಲ ಸೇರಿದ ಘಟಕ. ಎಲ್ಟನ್‌ನಲ್ಲಿ ಮಠ ತಾನೇ ಸಾಗುವಳಿ ಮಾಡಿಸುತ್ತಿದ್ದ ಉಳುವ ಭೂಮಿ 3 ಹೈಡ್. ಆ ಊರಿನ ಅಳತೆಯಲ್ಲಿ 24 ಎಕರೆಗೆ ಒಂದು ವರ್ಗೇಟ್, 6 ವರ್ಗೇಟಿಗೆ ಒಂದು ಹೈಡ್. ಹಾಗಾಗಿ ಮಠದ ಸ್ವಂತ ಹೊಲ ಸುಮಾರು 432 ಎಕರೆ. ಉಳಿದದ್ದು ಗೇಣಿದಾರರ ಕೈಯಲ್ಲಿ. ಗೇಣಿದಾರರಲ್ಲಿ ಕೆಲವರು ಸ್ವತಂತ್ರರು, ಬಹಳಷ್ಟು ಜನ ವಿಲೇನ್‌ಗಳು. ವಿಲೇನ್ ಎಂದರೆ ಒಡೆಯನಿಗೆ ಕಟ್ಟುಬಿದ್ದ ಗೇಣಿದಾರ. ಜಮೀನಿನ ವಿಷಯದಲ್ಲಿ ಅವನು ಒಡೆಯನ ಮೇಲೆ ರಾಜನ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಅವನಿಗಿದ್ದ ರಕ್ಷಣೆ ಊರಿನ ಪದ್ಧತಿ ಒಂದೇ, ಮತ್ತು ಆ ಪದ್ಧತಿಯನ್ನು ಹೇಳುವ ಜಾಗ ಒಡೆಯನದೇ ನ್ಯಾಯಸಭೆ.

ಈ ಹೊಲಗಳು ಒತ್ತಟ್ಟಿಗೆ ಇರಲಿಲ್ಲ. ಊರಿನ ದೊಡ್ಡ ಬಯಲುಗಳನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಹಂಚಲಾಗಿತ್ತು. ಮಠದ ಪಟ್ಟಿಯ ಪಕ್ಕದಲ್ಲೇ ರೀವ್‌ನ ಪಟ್ಟಿ, ಅದರ ಪಕ್ಕ ಇನ್ನೊಬ್ಬ ಗೇಣಿದಾರನದು ಇರಬಹುದಿತ್ತು. ನಡುವೆ ಬೇಲಿ ಇಲ್ಲ, ಹೆಚ್ಚೆಂದರೆ ಒಂದು ಸಾಲು. ಮುಂದೆ ಬರುವ ಆರೋಪಗಳಿಗೆ ಈ ಭೂಮಿಯ ಹಂಚಿಕೆಯೇ ತಳಹದಿ. ಮಠಕ್ಕೆಂದು ಹೂಡಿದ ನೇಗಿಲು ಪಕ್ಕದ ಪಟ್ಟಿಗೆ ದಾಟಲು ಬರೀ ಒಂದು ತಿರುವು ಸಾಕು. ಹಾಗೆ ದಾಟಿದ್ದನ್ನು ಬಯಲಿನಲ್ಲಿದ್ದ ಎಲ್ಲರೂ ನೋಡಲೂ ಸಾಧ್ಯ.

117 ಆಳಿನ ಲೆಕ್ಕ

ಒಂದು ವರ್ಗೇಟ್ ಹಿಡಿದ ವಿಲೇನ್ ವರ್ಷಕ್ಕೆ ಮಠಕ್ಕೆ ಕೊಡಬೇಕಾದ ವಾರದ ಕೆಲಸ 117 ಆಳು. ಒಂದು ಆಳು ಎಂದರೆ ಒಬ್ಬನ ಒಂದು ದಿನದ ದುಡಿಮೆ. ಕೃಷಿ ವರ್ಷ ಶುರುವಾಗುವುದು ಸೆಪ್ಟೆಂಬರ್ 29ರ ಮೈಕೆಲ್‌ಮಸ್ ಹಬ್ಬದಿಂದ. ಅಲ್ಲಿಂದ ಆಗಸ್ಟ್ 1ರ ತನಕ ವಾರಕ್ಕೆ 2 ಆಳು. ಆಗಸ್ಟ್ 1ರಿಂದ ಸೆಪ್ಟೆಂಬರ್ 8ರ ತನಕ ವಾರಕ್ಕೆ 3. ಅಲ್ಲಿಂದ ಮತ್ತೆ ಮೈಕೆಲ್‌ಮಸ್ ಬರುವ ತನಕ, ಮೂರು ವಾರ, ವಾರಕ್ಕೆ 5. ಗೇಣಿದಾರನೇ ಬರಬೇಕೆಂದಿಲ್ಲ, ಕೈಲಾಗುವ ಮಗನನ್ನೋ ಸಂಬಳದ ಆಳನ್ನೋ ಕಳಿಸಿದರೂ ನಡೆಯುತ್ತಿತ್ತು. ಉಳುಮೆ, ಹಲುಬೆ ಹೊಡೆಯುವುದು, ಕಳೆ ಕೀಳುವುದು, ಹುಲ್ಲು ಕೊಯ್ದು ಒಣಗಿಸುವುದು, ಕೊಯ್ಲು, ಒಕ್ಕಣೆ, ಕಾಲುವೆ ಬಗೆಯುವುದು, ಬೇಲಿ ಕಟ್ಟುವುದು, ಗಾಡಿ ಹೊಡೆಯುವುದು, ಹೀಗೆ ಕಾಲಕ್ಕೆ ತಕ್ಕ ಕೆಲಸ.

ಇದರ ಮೇಲೆ ಬೂನ್ ಎಂಬ ಇನ್ನೊಂದು ಬಗೆ. ಉಳುಮೆ ಮತ್ತು ಸುಗ್ಗಿಯ ಕಾಲದಲ್ಲಿ ಒಡೆಯ ‘ಕೋರಿಕೆ’ಯ ಹೆಸರಿನಲ್ಲಿ ಕರೆಯುತ್ತಿದ್ದ ಕೆಲಸ ಇದು. ಹೆಸರಿಗೆ ಕೋರಿಕೆ, ಬರದಿದ್ದರೆ ದಂಡ. ಸುಗ್ಗಿಯ ಬೂನ್‌ಗೆ ಮನೆಯೊಡತಿಯನ್ನು ಬಿಟ್ಟು ದುಡಿಯಬಲ್ಲ ಎಲ್ಲರೂ ಬರಬೇಕೆಂಬುದು ಇಂಥ ಮೇನರ್‌ಗಳಲ್ಲಿ ಸಾಮಾನ್ಯ ಪದ್ಧತಿ. ಊಟ ಒಡೆಯನದು. ರಾಮ್ಸೆ ಮಠದ್ದೇ ಆದ ಬ್ರೌಟನ್ ಎಂಬ ಊರಿನಲ್ಲಿ 13ನೇ ಶತಮಾನದ ಕೊನೆಯಲ್ಲಿ ರೊಟ್ಟಿಯ ಗಾತ್ರ ವಾಡಿಕೆಗಿಂತ ಚಿಕ್ಕದೆಂದು ಜನ ಸುಗ್ಗಿಯ ಬೂನ್ ಬಿಟ್ಟು ಹೊರಟೇಹೋದರು. ರೊಟ್ಟಿಯ ಗಾತ್ರವೂ ಹೊಣೆಯ ಭಾಗವೆಂದು ಅವರು ಎಣಿಸಿದ್ದರು, ಅದು ಸರಿಯೂ ಹೌದು.

ಮಠಕ್ಕೆ ಎಲ್ಲ ಆಳೂ ಪ್ರತಿವರ್ಷ ಬೇಕಾಗುತ್ತಿರಲಿಲ್ಲ. ಬೇಡದ್ದನ್ನು ಗೇಣಿದಾರನಿಗೇ ‘ಮಾರಿ’ ಹಣ ಪಡೆಯುತ್ತಿತ್ತು. 1286ರ ಎಲ್ಟನ್ ಲೆಕ್ಕಪತ್ರದಲ್ಲಿ ಈ ದರಗಳಿವೆ: ಮೈಕೆಲ್‌ಮಸ್‌ನಿಂದ ಆಗಸ್ಟ್ 1ರ ತನಕ ಒಂದು ಆಳಿಗೆ ಅರ್ಧ ಪೆನ್ನಿ, ಆಗಸ್ಟ್ 1ರಿಂದ ಸೆಪ್ಟೆಂಬರ್ 8ರ ತನಕ ಎರಡೂವರೆ ಪೆನ್ನಿ, ಆಮೇಲಿನ ಮೂರು ವಾರ ಒಂದು ಪೆನ್ನಿ. 12 ಪೆನ್ನಿಗೆ ಒಂದು ಷಿಲ್ಲಿಂಗ್.

ಈ ದರಗಳನ್ನು ವಾರದ ಲೆಕ್ಕದ ಮೇಲೆ ಹಾಕಿ ನೋಡಿ. ಮೊದಲ ಹತ್ತು ತಿಂಗಳ ಸುಮಾರು 87 ಆಳಿನ ಬೆಲೆ 43 ಪೆನ್ನಿ ಚಿಲ್ಲರೆ. ಆಗಸ್ಟ್‌ನಿಂದ ಶುರುವಾಗುವ ಐದೂವರೆ ವಾರಗಳ ಸುಮಾರು 16 ಆಳಿನ ಬೆಲೆ 40 ಪೆನ್ನಿ. ಹತ್ತು ತಿಂಗಳ ದುಡಿಮೆಗೂ ಐದೂವರೆ ವಾರದ ದುಡಿಮೆಗೂ ಹೆಚ್ಚುಕಡಿಮೆ ಒಂದೇ ಬೆಲೆ. ಕೊನೆಯ ಮೂರು ವಾರದ 15 ಪೆನ್ನಿಯನ್ನೂ ಕೂಡಿದರೆ ಒಂದು ವರ್ಗೇಟಿನ ಇಡೀ ವರ್ಷದ ಆಳು ಸುಮಾರು 8 ಷಿಲ್ಲಿಂಗ್. ಬಿಟ್ಟಿ ಎಂದಾಗ ನಾವು ದಿನಗಳನ್ನು ಎಣಿಸುತ್ತೇವೆ. ಗೇಣಿದಾರನಿಗೆ ನಿಜವಾಗಿ ಚುಚ್ಚುತ್ತಿದ್ದದ್ದು ಯಾವ ದಿನಗಳು ಎಂಬುದು: ತನ್ನ ಪೈರು ಒಣಗಿ ನಿಂತಿರುವಾಗ, ಮಳೆ ಬಂದರೆ ತೆನೆ ಮೊಳೆತುಹೋಗುವ ಹೊತ್ತಿನಲ್ಲಿ, ಮಠದ ಪೈರು ಮೊದಲು ಕೊಯ್ಯಬೇಕಿತ್ತು.

ರೀವ್ ಎಂಬ ಹುದ್ದೆ

ನಮ್ಮ ಹಳೆಯ ಪಟೇಲ ಮತ್ತು ಶಾನುಭೋಗ ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಿದರೆ ಹೇಗೋ ಹಾಗೆ ರೀವ್‌ನ ಕೆಲಸ. ಆದರೆ ಅವನೂ ವಿಲೇನ್. ಗೇಣಿದಾರರೇ ತಮ್ಮೊಳಗಿಂದ ಅವನನ್ನು ಆರಿಸುತ್ತಿದ್ದರು. ಹುದ್ದೆಯಲ್ಲಿರುವಷ್ಟು ದಿನ ಅವನ ವಾರದ ಆಳು ಮಾಫಿ. ಬೆಳಿಗ್ಗೆ ಯಾರು ಎಲ್ಲಿಗೆ ಹೋಗಬೇಕೆಂದು ಹೇಳುವವನು, ಬಂದವರನ್ನು ಎಣಿಸುವವನು, ವರ್ಷದ ಕೊನೆಗೆ ಮಠದ ಲೆಕ್ಕಿಗರಿಗೆ ಒಪ್ಪಿಸುವವನು ಅವನೇ. ಓದುಬರಹ ಬಾರದವನಾದರೂ ಕೆಲಸ ನಡೆಯುತ್ತಿತ್ತು: ಕೋಲಿನ ಮೇಲೆ ಕಚ್ಚು ಹಾಕಿ, ಕೋಲನ್ನು ಉದ್ದಕ್ಕೆ ಸೀಳಿ, ಎರಡು ಕಡೆಯವರೂ ಒಂದೊಂದು ಹೋಳು ಇಟ್ಟುಕೊಳ್ಳುವುದು. ಹೋಳುಗಳನ್ನು ಜೋಡಿಸಿದಾಗ ಕಚ್ಚುಗಳು ಕೂಡಬೇಕು. ಆಮೇಲೆ ಗುಮಾಸ್ತ ಅದನ್ನು ಲ್ಯಾಟಿನ್‌ನಲ್ಲಿ ಚರ್ಮದ ಸುರುಳಿಗೆ ಇಳಿಸುತ್ತಿದ್ದ.

ಆಳಿನ ಲೆಕ್ಕದಲ್ಲಿ ಬರಬೇಕಾದ ಒಟ್ಟು ಒಂದು ಕಡೆ. ಇನ್ನೊಂದು ಕಡೆ ಮೂರು ಬಾಬ್ತು: ಹಬ್ಬ, ಕಾಯಿಲೆ ಅಥವಾ ಹುದ್ದೆಯ ಕಾರಣಕ್ಕೆ ಬಿಟ್ಟದ್ದು; ನಿಜವಾಗಿ ಮಾಡಿಸಿದ್ದು; ಮಾರಿದ್ದು. ಎರಡೂ ಕಡೆ ಸಮ ಬರಬೇಕು. ಹಾಗಾಗಿ ಯಾವುದೇ ಆಳು ದಾರಿ ತಪ್ಪಿದ್ದರೆ ಅದು ಈ ಮೂರರಲ್ಲೊಂದರ ಒಳಗೆ ಅಡಗಿಯೇ ಇರುತ್ತದೆ. ಕದಿಯುವವನಿಗೆ ಯಾವ ಕೆಲಸ ಸುಲಭ ಎಂಬುದೂ ಇಲ್ಲೇ ತಿಳಿಯುತ್ತದೆ. ಒಕ್ಕಣೆಯನ್ನು ಕಾಳಿನ ಅಳತೆಯಿಂದ ತಾಳೆ ನೋಡಬಹುದು. ಕೊಯ್ಲು, ಉಳುಮೆಗೆ ಎಕರೆಯ ಲೆಕ್ಕವಿದೆ. ಕಳೆ ಕಿತ್ತದ್ದು, ಹುಲ್ಲು ತಿರುವಿ ಒಣಗಿಸಿದ್ದು, ಕಾಲುವೆಯ ಹೂಳೆತ್ತಿದ್ದು, ಇವು ತಿಂಗಳು ಕಳೆದರೆ ಗುರುತೇ ಉಳಿಸುವುದಿಲ್ಲ. ಹತ್ತು ಆಳು ಎಂದು ಬರೆದರೆ ಹತ್ತು, ಹದಿನೈದು ಎಂದರೆ ಹದಿನೈದು.

ಚರ್ಚಿನ ಅಂಗಳದಲ್ಲಿ

ಅಕ್ಟೋಬರ್ ಕೊನೆ. ನವೆಂಬರ್ 1ರ ಸರ್ವಸಂತರ ಹಬ್ಬಕ್ಕೆ ಮುಂಚಿನ ಭಾನುವಾರ. ರೀವ್ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ಆ ಮೂವರು ಬಂದು ಇಡೀ ಊರಿನ ಎದುರು ಅವನನ್ನು ಕೆಟ್ಟದಾಗಿ ನಿಂದಿಸಿದರು ಎಂಬುದು ದೂರು. ಅವರು ಹೊರಿಸಿದ್ದು ಒಟ್ಟು ಆರು ಆರೋಪ. ಮಠಕ್ಕೆ ಸಲ್ಲಬೇಕಾದ ಆಳುಗಳಿಂದ ತನ್ನ ಹುಲ್ಲು ಒಟ್ಟಿಸಿಕೊಂಡ. ಸುಗ್ಗಿಯ ಬೂನ್ ಆಳುಗಳಿಂದ ತನ್ನ ಪೈರು ಕೊಯ್ಯಿಸಿಕೊಂಡ. ಊರಿನ ಬೂನ್ ನೇಗಿಲುಗಳಿಂದ ಒಂದು ಬಯಲಿನ ತನ್ನ ಪಟ್ಟಿಯ ಉಳುಮೆ ಮಾಡಿಸಿಕೊಂಡ. ಜಮೀನನ್ನು ತನಗೆ ಅಗ್ಗಕ್ಕೆ ಗೇಣಿಗೆ ಕೊಟ್ಟವರನ್ನು ಬಿಟ್ಟಿಯಿಂದ ಬಿಟ್ಟುಬಿಟ್ಟ. ಹಣದ ಗೇಣಿಗೆ, ಅಂದರೆ ಆಳಿನ ಬದಲು ಹಣ ಕೊಡುವ ಗೇಣಿಗೆ, ಹಾಕದಿರಲು ಉಳ್ಳವರಿಂದ ಕಾಣಿಕೆ ತಿಂದ. ಬಡವರನ್ನು ಬಲವಂತವಾಗಿ ಹಣದ ಗೇಣಿಗೆ ದಬ್ಬಿದ.

ಮೊದಲ ಮೂರು ಆರೋಪಗಳು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಪರಿಚಿತವಾದ ಕಳ್ಳತನ. ಕೊನೆಯ ಎರಡು ಹಾಗಲ್ಲ. ಬಿಟ್ಟಿ ತಪ್ಪಿ ಹಣದ ಗೇಣಿ ಬಂದರೆ ರೈತನಿಗೆ ಬಿಡುಗಡೆ ಎಂದು ನಮ್ಮಲ್ಲಿ ಅನೇಕರು ಬರೆಯುತ್ತಾರೆ. ಎಲ್ಟನ್‌ನಲ್ಲಿ ಹಣದ ಗೇಣಿ ತಪ್ಪಿಸಿಕೊಳ್ಳಲು ಉಳ್ಳವರು ಲಂಚ ಕೊಡುತ್ತಿದ್ದರು, ಅದು ಬಡವರ ತಲೆಗೆ ಬೀಳುತ್ತಿತ್ತು ಎಂಬುದು ದೂರು. ಏಕೆ?

ರಾಮ್ಸೆ ಮಠದ ಮೇನರ್‌ಗಳಲ್ಲಿ ವರ್ಗೇಟ್‌ಗಳು ಎರಡು ಬಗೆ: ಆಳು ಕೊಡುವವು, ಹಣ ಕೊಡುವವು. ಈ ಹಂಚಿಕೆ ಶಾಶ್ವತವಲ್ಲ. ಮಠಕ್ಕೆ ಆಳು ಎಷ್ಟು ಬೇಕು, ಹಣ ಎಷ್ಟು ಬೇಕು ಎಂಬುದರ ಮೇಲೆ ಬದಲಾಗುತ್ತಿತ್ತು. ಮಠ ಸಂಖ್ಯೆ ಹೇಳಿದರೂ ಯಾವ ಮನೆ ಯಾವ ಬಗೆಗೆ ಸೇರಬೇಕು ಎಂಬುದರಲ್ಲಿ ಊರಲ್ಲೇ ಇರುವ ರೀವ್‌ನ ಮಾತು ನಡೆಯುತ್ತಿತ್ತು; ನಡೆಯದಿದ್ದರೆ ಈ ಆರೋಪಕ್ಕೆ ಅರ್ಥವೇ ಇಲ್ಲ. ಉಳ್ಳವನ ಮನೆಯಲ್ಲಿ ಬೆಳೆದ ಗಂಡುಮಕ್ಕಳಿದ್ದಾರೆ, ಸಂಬಳದ ಆಳಿದ್ದಾನೆ, ಸ್ವಂತ ಎತ್ತುಗಳಿವೆ. ಚಳಿಗಾಲದಲ್ಲಿ ವಾರಕ್ಕೆ ಎರಡು ಆಳು ಕಳಿಸುವುದು ಅವನಿಗೆ ಭಾರವಲ್ಲ, ಮನೆಯಲ್ಲಿ ಕೆಲಸವಿಲ್ಲದ ಕೈಗಳೇ ಹೋಗುತ್ತವೆ. ಬಡವನಿಗೆ ಗೇಣಿಯ ಕಂತಿಗೆ ನಗದು ಹೊಂದಿಸಬೇಕು. ನಗದು ಎಂದರೆ ಕಾಳು ಮಾರಬೇಕು. ಸುಗ್ಗಿ ಮುಗಿದ ಕೂಡಲೇ ಎಲ್ಲರೂ ಮಾರುವ ಹೊತ್ತಿನಲ್ಲಿ ಬೆಲೆ ಬಿದ್ದಿರುತ್ತದೆ. ವಸಂತದಲ್ಲಿ ಕಣಜ ಬರಿದಾದಾಗ ಅದೇ ಕಾಳನ್ನು ಏರಿದ ಬೆಲೆಗೆ ಕೊಳ್ಳಬೇಕು. ಫಸಲು ಕೆಟ್ಟ ವರ್ಷ ಅವನ ಕೈಯಲ್ಲಿ ಉಳಿಯುವುದು ದೇಹದ ದುಡಿಮೆಯೊಂದೇ, ಹಣದ ಗೇಣಿಯವನಿಂದ ಮಠ ಅದನ್ನು ತೆಗೆದುಕೊಳ್ಳುವುದಿಲ್ಲ. ಇಷ್ಟಾಗಿಯೂ ಸುಗ್ಗಿಯ ಬೂನ್ ಅವನಿಗೆ ಪೂರ್ತಿ ತಪ್ಪುತ್ತಿರಲಿಲ್ಲ.

ಇಲ್ಲಿಗೆ ನಾಲ್ಕನೆಯ ಆರೋಪವನ್ನು ಸೇರಿಸಿ ಓದಬೇಕು. ನಗದು ಸಾಲದ ಬಡವ ಏನು ಮಾಡಿಯಾನು? ಜಮೀನಿನ ಒಂದು ತುಂಡು ಗೇಣಿಗೆ ಕೊಟ್ಟಾನು. ಪಡೆಯುವವನು ಯಾರು? ಬಿಟ್ಟಿಯಿಂದ ಬಿಡಿಸುವ ಅಧಿಕಾರ ಇದ್ದವನು ದರವನ್ನೂ ತಾನೇ ಹೇಳಬಲ್ಲ. ಆರೋಪಗಳು ನಿಜವಾಗಿದ್ದರೆ ಅವು ಆರು ಬಿಡಿ ತಪ್ಪುಗಳಲ್ಲ. ಮೊದಲು ನಗದಿನ ಒತ್ತಡ, ಆಮೇಲೆ ಅಗ್ಗದ ಜಮೀನು, ಆಮೇಲೆ ಆ ಜಮೀನಿಗೆ ಮಠದ ಆಳು: ಒಂದರಿಂದ ಇನ್ನೊಂದು ಬೆಳೆಯುವ ಸರಪಳಿ.

ದಿನದ ಆಯ್ಕೆಯನ್ನೂ ಗಮನಿಸಿ. ಮೈಕೆಲ್‌ಮಸ್ ಕಳೆದು ಸುಮಾರು ಒಂದು ತಿಂಗಳು. ಹಳೆಯ ವರ್ಷದ ಲೆಕ್ಕ ಮುಗಿದು, ಹೊಸ ವರ್ಷಕ್ಕೆ ಯಾರದು ಆಳು, ಯಾರದು ಹಣ ಎಂಬುದು ಊರಿಗೆ ಗೊತ್ತಾಗಿರಬೇಕಾದ ಹೊತ್ತು. ಆ ಹಂಚಿಕೆಯೇ ಕಿಡಿ ಹಚ್ಚಿತೆಂದು ನಾವು ಊಹಿಸುತ್ತೇವೆ. ದಾಖಲೆ ಹಾಗೆಂದು ಹೇಳುವುದಿಲ್ಲ, ಆದರೆ ಆರೋಪಗಳ ಕ್ರಮ ಹುಲ್ಲಿನಿಂದ ಶುರುವಾಗಿ ಹಣದ ಗೇಣಿಯಲ್ಲಿ ಬಂದು ನಿಲ್ಲುತ್ತದೆ.

ನಿರ್ಣಾಯಕ ಹೆಜ್ಜೆ

ಆ ಮೂವರ ಮುಂದೆ ದಾರಿಗಳಿದ್ದವು. ನ್ಯಾಯಸಭೆಯಲ್ಲಿ ಜ್ಯೂರಿಯ ಮೂಲಕ ಸ್ಟೂವರ್ಡ್‌ಗೆ, ಅಂದರೆ ಮಠದ ಹಲವು ಮೇನರ್‌ಗಳ ಮೇಲ್ವಿಚಾರಕನಿಗೆ, ವಿಷಯ ಮುಟ್ಟಿಸಬಹುದಿತ್ತು. ಲೆಕ್ಕಿಗರು ಬಂದಾಗ ಹೇಳಬಹುದಿತ್ತು. ಹಾಗೆ ಮಾಡಿದ್ದರೆ ಪ್ರಶ್ನೆ ಹೀಗೆ ನಿಲ್ಲುತ್ತಿತ್ತು: ಮಠದ ಆಳು ಕಾಣೆಯಾಗಿದೆಯೇ? ಹಾನಿಗೊಳಗಾದವನು ಮಠ, ಉತ್ತರ ಹೇಳಬೇಕಾದವನು ರೀವ್. ಅವರು ಚರ್ಚಿನ ಅಂಗಳವನ್ನು ಆರಿಸಿದರು. ಊರೆಲ್ಲ ಕೇಳಿಸಿಕೊಂಡಿತು. ಅದರಿಂದ ಸಿಕ್ಕ ಬಲ ದೊಡ್ಡದು, ತೆತ್ತ ಬೆಲೆ ಅದಕ್ಕಿಂತ ದೊಡ್ಡದು. ರೀವ್ ನೇರವಾಗಿ ಫಿರ್ಯಾದುದಾರನಾದ. ಈಗ ಪ್ರಶ್ನೆ ತಿರುಗಿ ನಿಂತಿತು: ಇವನ ಮಾನ ಕಳೆದಿರಾ? ರೀವ್‌ನ ಈ ಚುರುಕು ಹೆಜ್ಜೆಯೇ ಪ್ರಕರಣದ ದಿಕ್ಕು ಬದಲಿಸಿತೆಂಬುದು ನಮ್ಮ ಅಭಿಪ್ರಾಯ. ಸುಮ್ಮನಿದ್ದಿದ್ದರೆ ಮುಂದಿನ ಲೆಕ್ಕ ತಪಾಸಣೆಯಲ್ಲಿ ಆ ಮಾತುಗಳು ಮಠದ ಕಿವಿಗೆ ಬೀಳುತ್ತಿದ್ದವು, ಆಗ ಅವನು ಆರೋಪಿಯಾಗಿ ನಿಲ್ಲಬೇಕಿತ್ತು.

ವಿಚಾರಣೆಗೆ ಕೂತದ್ದು ಊರಿನವರದೇ ಜ್ಯೂರಿ. ರೀವ್ ಒಂದು ಆರೋಪದಲ್ಲೂ ತಪ್ಪಿತಸ್ಥನಲ್ಲ ಎಂದು ಅವರು ಹೇಳಿದರು. ಎದುರಾಳಿ ಗಂಡಸರಿಬ್ಬರಿಗೂ ದಂಡ ಬಿತ್ತು. ಜೊತೆಗೆ ರೀವ್‌ಗೆ 10 ಷಿಲ್ಲಿಂಗ್ ಪರಿಹಾರ ಕೊಡಬೇಕೆಂದಾಯಿತು. ರೀವ್ 2 ಷಿಲ್ಲಿಂಗ್ ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಕೊಟ್ಟ.

ಮೊತ್ತವನ್ನು ಆಳಿನ ದರದಲ್ಲಿ ತೂಗಿ ನೋಡಬೇಕು. 10 ಷಿಲ್ಲಿಂಗ್ ಎಂದರೆ 120 ಪೆನ್ನಿ, ಒಂದು ವರ್ಗೇಟಿನ ಇಡೀ ವರ್ಷದ ಆಳಿಗಿಂತ ಹೆಚ್ಚು. ಬಿಟ್ಟುಕೊಟ್ಟ ಮೇಲೆ ಉಳಿದ 2 ಷಿಲ್ಲಿಂಗ್ ಸಹ ಚಳಿಗಾಲದ ದರದಲ್ಲಿ 48 ಆಳು, 24 ವಾರಗಳ ಹೊಣೆ. ಮನ್ನಾ ಮಾಡಿದ್ದು ಔದಾರ್ಯವೂ ಇರಬಹುದು. ಮುಂದಿನ ಬೆಳಿಗ್ಗೆ ಅದೇ ಜನರನ್ನು ಕೆಲಸಕ್ಕೆ ಕರೆಯಬೇಕಾದವನಿಗೆ ಬೇರೆ ದಾರಿಯೂ ಇರಲಿಲ್ಲ.

ತೀರ್ಪನ್ನು ಓದುವ ಬಗೆ

ಇಂಥ ದಾಖಲೆಗಳನ್ನು ಹೊಸದಾಗಿ ಓದುವವರು ಎರಡು ಕಡೆ ಎಡವುತ್ತಾರೆ. ಜ್ಯೂರಿ ನಿರ್ದೋಷಿ ಎಂದಿತು, ಅಲ್ಲಿಗೆ ಆರೋಪ ಸುಳ್ಳು ಎನ್ನುವುದು ಒಂದು. ಒಡೆಯನ ನ್ಯಾಯಸಭೆ, ಹಾಗಾಗಿ ತೀರ್ಪೇ ಸುಳ್ಳು ಎನ್ನುವುದು ಇನ್ನೊಂದು. ಎರಡಕ್ಕೂ ಆಧಾರ ಸಾಲದು. ಜ್ಯೂರಿಯವರಿಗೆ ಏನು ಗೊತ್ತಿರಲು ಸಾಧ್ಯ, ಯಾವುದರಲ್ಲಿ ಅವರ ಹಿತ ಸಿಕ್ಕಿಕೊಂಡಿತ್ತು ಎಂದು ಕೇಳಿಕೊಂಡರೆ ಹೆಚ್ಚು ಫಲ.

ಬೂನ್ ನೇಗಿಲು ರೀವ್‌ನ ಪಟ್ಟಿಗೆ ಹೋಗಿದ್ದರೆ ಹತ್ತಾರು ಜನ ಕಂಡಿರುತ್ತಾರೆ. ಆ ವಿಷಯದಲ್ಲಿ ಜ್ಯೂರಿಯ ಮಾತಿಗೆ ತೂಕ ಹೆಚ್ಚು. ಕಾಣಿಕೆಯ ವಿಷಯ ಹಾಗಲ್ಲ. ಕೊಟ್ಟವನಿಗೂ ಪಡೆದವನಿಗೂ ಮಾತ್ರ ಗೊತ್ತು, ಮತ್ತು ಕೊಟ್ಟವರು ಉಳ್ಳವರು. ಮೇನರ್‌ಗಳ ಜ್ಯೂರಿಗಳಲ್ಲಿ ಕೂರುತ್ತಿದ್ದವರೂ ಸಾಮಾನ್ಯವಾಗಿ ಊರಿನ ಉಳ್ಳ ಮನೆಗಳವರೇ. ಐದನೇ ಆರೋಪವನ್ನು ಎತ್ತಿಹಿಡಿದಿದ್ದರೆ ತಮ್ಮ ನೆರೆಹೊರೆಯವರನ್ನೋ ತಮ್ಮನ್ನೋ ಹೊಣೆ ಮಾಡಬೇಕಾಗುತ್ತಿತ್ತು. ಇನ್ನೊಂದು ತೊಡಕು: ಗೇಣಿದಾರರೇ ಆರಿಸಿದ ರೀವ್ ಬಾಕಿ ತೆರಲಾಗದಿದ್ದರೆ ಆರಿಸಿದವರೇ ತುಂಬಿಕೊಡಬೇಕೆಂಬ ನಿಯಮ ಹಲವು ಮೇನರ್‌ಗಳಲ್ಲಿತ್ತು. ರೀವ್ ತಪ್ಪಿತಸ್ಥ ಎಂದರೆ ಕಾಣೆಯಾದ ಆಳುಗಳ ಬೆಲೆ, ಅದರಲ್ಲೂ ಆಗಸ್ಟ್‌ನ ಎರಡೂವರೆ ಪೆನ್ನಿಯ ಆಳುಗಳ ಬೆಲೆ, ಊರಿನ ಮೇಲೆ ಬೀಳುವ ಅಪಾಯ ಇತ್ತು.

ಎದುರಾಳಿಗಳೂ ದಿಕ್ಕಿಲ್ಲದವರೇನಲ್ಲ. ಅವರಲ್ಲೊಬ್ಬನ ಅಡ್ಡಹೆಸರು ಅವನೋ ಅವನ ಮನೆಯವರೋ ಹಿಂದೆ ಇದೇ ರೀವ್ ಹುದ್ದೆಯಲ್ಲಿದ್ದದ್ದನ್ನು ಸೂಚಿಸುತ್ತದೆ. ಲೆಕ್ಕದಲ್ಲಿ ಆಳು ಎಲ್ಲೆಲ್ಲಿ ಸೋರಬಹುದು ಎಂಬುದನ್ನು ಇಷ್ಟು ಕ್ರಮವಾಗಿ, ಹುಲ್ಲು, ಕೊಯ್ಲು, ನೇಗಿಲು, ಗೇಣಿ ಎಂದು ಹೇಳಿದವರು ಆ ಕೆಲಸವನ್ನು ಒಳಗಿನಿಂದ ಬಲ್ಲವರು. ಹಳೆಯ ರೀವ್‌ನ ಮನೆಗೂ ಹೊಸ ರೀವ್‌ಗೂ ಇದ್ದ ಮನಸ್ತಾಪ ಇದರಲ್ಲಿ ಎಷ್ಟು, ಬಡವರ ನೋವು ಎಷ್ಟು ಎಂದು ಬಿಡಿಸಿ ಹೇಳಲಾಗದು. ಮನಸ್ತಾಪವಿದ್ದರೂ ಅವರು ಬಳಸಿದ ಆರೋಪ ಊರು ನಂಬುವಂಥದ್ದಾಗಿರಬೇಕಿತ್ತು. ನಡೆಯಲಾರದ ಸಂಗತಿಯನ್ನು ಚರ್ಚಿನ ಅಂಗಳದಲ್ಲಿ ಕೂಗಿ ಯಾರೂ ಊರನ್ನು ತಮ್ಮ ಕಡೆ ತಿರುಗಿಸಿಕೊಳ್ಳಲಾರರು.

ನಮ್ಮ ಕನ್ನಡ ಶಾಸನಗಳಲ್ಲಿ ದತ್ತಿ ಭೂಮಿಗೆ ಬಿಟ್ಟಿಯಿಂದ ವಿನಾಯಿತಿ ಕೊಟ್ಟ ಉಲ್ಲೇಖಗಳು ಸಿಗುತ್ತವೆ. ಹಾಗಾಗಿ ಬಿಟ್ಟಿ ಇತ್ತೆಂದು ಗೊತ್ತಾಗುತ್ತದೆ. ಯಾರ ಮನೆಯಿಂದ ವಾರಕ್ಕೆ ಎಷ್ಟು ಆಳು, ಯಾವ ತಿಂಗಳು, ಎಣಿಸುವವನು ಯಾರು, ಅವನ ಮೇಲೆ ದೂರು ಹೇಳುವ ಜಾಗ ಯಾವುದು ಎಂಬ ಪ್ರಶ್ನೆಗಳನ್ನು ಎಲ್ಟನ್‌ನಂಥ ಪ್ರಕರಣ ಓದಿದ ಮೇಲೆ ನಮ್ಮ ಆಕರಗಳಿಗೂ ಕೇಳಬೇಕೆನಿಸುತ್ತದೆ.

ಎಲ್ಟನ್‌ನಲ್ಲಿ ಈ ವಿವರಗಳು ಉಳಿದುಬಂದದ್ದು ರೀವ್ ದೂರು ಕೊಟ್ಟದ್ದರಿಂದ. ಮಾನಹಾನಿ ಸಾಬೀತು ಮಾಡಲು ಆಡಿದ ಮಾತನ್ನು ನ್ಯಾಯಸಭೆಯ ಮುಂದೆ ಹೇಳಲೇಬೇಕಿತ್ತು, ಗುಮಾಸ್ತ ಆರು ಆರೋಪಗಳನ್ನೂ ಒಂದೊಂದಾಗಿ ಬರೆದುಕೊಂಡ. ಮಠದ ವಾರ್ಷಿಕ ಲೆಕ್ಕಪತ್ರದಲ್ಲಿ ಆಳಿನ ಎರಡೂ ಕಡೆ ಸರಿಯಾಗಿ ಕೂಡಿದ್ದರೆ ಸಾಕಿತ್ತು; ಬಡವನೊಬ್ಬನನ್ನು ಆಳಿನಿಂದ ಹಣದ ಗೇಣಿಗೆ ಏಕೆ ದಾಟಿಸಿದರು ಎಂದು ಬರೆಯುವ ಅಂಕಣ ಅದರಲ್ಲಿರಲಿಲ್ಲ.